ಹಾಲೊಲ್ಲದವಳ ಚಳಿಗಾಲ

"ನಿಮ್ಮ ಟ್ರಂಕು ತಗೋರಿ, ನಡೀರಿ ಹೊರಗ!"

ಕಬ್ಬಿಣದ ಟ್ರಂಕು ಕಟ್ಟೆಯ ಮೇಲೆ ದಡಲ್ಲನೆ ಬಿದ್ದ ಸಪ್ಪಳಕ್ಕೆ ಓಣಿಯ ನಾಯಿಗಳು ಎದ್ದು ನಿಂತವು. ಎದುರುಮನೆಯ ಬಾಗಿಲು ಅರ್ಧ ತೆರೆದು, ಅಷ್ಟಕ್ಕೇ ನಿಂತಿತು.

ಶಂಕ್ರೆವ್ವ ಒಂದು ಹೆಜ್ಜೆಯೂ ಹಿಂದೆ ಸರಿಯಲಿಲ್ಲ. ಅವಳ ಕಂಕುಳಲ್ಲಿ ಒದ್ದೆ ಬಟ್ಟೆ ಸುತ್ತಿದ ಸಣ್ಣ ಮಣ್ಣಿನ ಗಡಿಗೆಯಿತ್ತು. ಅದನ್ನು ಇನ್ನಷ್ಟು ಅವುಚಿಕೊಂಡು, ಬಾಗಿಲಲ್ಲಿ ನಿಂತ ಎತ್ತರದ ಗಂಡಸನ್ನು ನೆಟ್ಟ ಕಣ್ಣಿಂದ ನೋಡಿದಳು.

"ಟ್ರಂಕು ಒಗೀರಿ, ಅಡ್ಡಿಯಿಲ್ಲ. ಈ ಗಡಿಗಿಗೆ ಕೈ ಹಚ್ಚಿದ್ರ ಮಾತ್ರ ನೆಟ್ಟಗಾಗೂದಿಲ್ಲ ನೋಡ್ರಿ!"

"ಏನೈತಿ ಅದರಾಗ? ಬಂಗಾರನಾ?"

"ನಿಮ್ಮ ಓಣಿ ಕೂಸುಗಳ ಜೀವ ಐತಿ!"

"ಹೌದಾ? ಹಂಗಾರ ಅದನ್ನ ತಗೊಂಡು ನಿಮಗ ತಕ್ಕಂಥ ದೊಡ್ಡ ಮಂದಿ ಮನಿಗೆ ಹೋಗ್ರಿ. ನಮ್ಮಂಥವ್ರ ಹಾಲು ನಿಮ್ಮ ಗಂಟಲಾಗ ಇಳಿಯೂದಿಲ್ಲ!"

ಶಂಕ್ರೆವ್ವನ ಕಿವಿ ಕೆಂಪಾದವು. ನಮ್ಮಂಥವರು ಅಂದರೆ? ಇವನು ಏನು ಹೇಳುತ್ತಿದ್ದಾನೆ? ಕೇಳಬೇಕೆಂದು ಬಾಯಿ ತೆರೆದಳು... ಆದರೆ ಸಿಟ್ಟು ಮಾತಿಗಿಂತ ಮೊದಲು ಬಂದುಬಿಟ್ಟಿತ್ತು. ಟ್ರಂಕು ಎತ್ತಿಕೊಂಡು ನಡೆದೇಬಿಟ್ಟಳು.

ಆಗಿದ್ದು ಇಷ್ಟು.

ಅದು ಅರವತ್ಮೂರನೇ ಇಸವಿಯ ಛಟ್ಟಿ ಅಮಾವಾಸ್ಯೆ ಮುಗಿದ ವಾರ. ಹಳಿಯಾಳದಲ್ಲಿ ಬೆಳಿಗ್ಗೆ ಹತ್ತಾದರೂ ಮಂಜು ಹರಿಯುತ್ತಿರಲಿಲ್ಲ. ನವಲಗುಂದದ ಕಡೆಯ ಶಂಕ್ರೆವ್ವನಿಗೆ ಇಪ್ಪತ್ಮೂರು ವರ್ಷ. ಸರಕಾರದ ಕೆಲಸ. ಮಕ್ಕಳ ತೋಳಿಗೆ ಸಿಡುಬಿನ ಔಷಧ ಗೀರುವುದು. ಜನರ ಬಾಯಲ್ಲಿ ಸಿಡುಬೆಂದರೆ ದೇವಿ, ಅವಳು 'ದೇವಿ ಹಾಕೂ ಬಾಯಾರು'.

ಒದ್ದೆ ಗಡಿಗೆಯಲ್ಲಿ ತಂಪಾಗಿಟ್ಟ ಆ ಔಷಧ ಬಿಸಿಲು ತಾಳುತ್ತಿರಲಿಲ್ಲ. ಹಾಗಾಗಿ ಚಳಿ ಇರುವ ಮೂರು ತಿಂಗಳೊಳಗೆ ಹಳಿಯಾಳ, ದಾಂಡೇಲಿ, ಆಮೇಲೆ ಸೂಪಾ ಸೀಮೆಯ ಕಾಡು ಊರುಗಳು ಮುಗಿಯಬೇಕು. ಶಿವರಾತ್ರಿ ಬಂತೆಂದರೆ ಔಷಧ ಬರೀ ನೀರು!

"ವಾರದಾಗ ಇರಾಕ ಮನಿ ನೋಡಿಕೊಳ್ಳವ್ವ" ಎಂದಿದ್ದರು ಡಾಕ್ಟರು. "ಸಿಗಲಿಲ್ಲಂದ್ರ ತಿರುಗಿ ಬಾ. ಸೂಪಾ ಕಡೆ ಬರೂ ವರ್ಷ ನೋಡೂಣು."

ಬರುವ ವರ್ಷ! ಅಷ್ಟರೊಳಗೆ ದೇವಿ ಬಂದರೆ ಯಾರು ಹೊಣೆ?

ಮನೆ ಸಿಗುವುದೇನು ಕಷ್ಟವಿರಲಿಲ್ಲ. ಉಳಿಯುವುದು ಕಷ್ಟವಾಗಿತ್ತು. ಶಂಕ್ರೆವ್ವ ಮಾಂಸ ತಿನ್ನುತ್ತಿರಲಿಲ್ಲ, ಅದರಲ್ಲಿ ವಿಶೇಷವೇನಿಲ್ಲ. ಆದರೆ ಹಾಲೂ ಒಲ್ಲೆ, ಮೊಸರೂ ಒಲ್ಲೆ, ತುಪ್ಪ, ಬೆಣ್ಣೆ, ಮಜ್ಜಿಗೆ, ಕಡೆಗೆ ಜೇನು ಕೂಡ ಒಲ್ಲೆ ಎಂದರೆ...?

ಮಾಸ್ತರರ ಹೆಂಡತಿ ಎರಡನೇ ದಿನವೇ, "ಹಾಲು ಒಲ್ಲೆ ಅನ್ನೂ ಮಂದಿ ಇದ್ರ ಕಟ್ಟಿದ ಎಮ್ಮಿ ಬತ್ತತಾವ್ರಿ" ಎಂದು ಕಳಿಸಿದ್ದಳು. ಖಾನಾವಳಿಯ ಮುದುಕಪ್ಪ ನಾಲ್ಕು ಮಂದಿ ಉಣ್ಣುವವರ ಎದುರು ಕೈಮುಗಿದು, "ಮೊಸರು ಹಾಕೂತನಕ ಊಟ ಮುಗೀಲಿಲ್ಲವಾ ತಾಯಿ! ನೀ ಒಲ್ಲೆ ಅಂದ್ರ ನನ್ನ ಮೊಸರು ಹುಳಿ ಐತಂತ ಊರೆಲ್ಲಾ ತಿಳೀತೈತಿ" ಎಂದಿದ್ದ. ಮೂರನೆಯ ಮನೆಯಲ್ಲಿ, "ಯಾವ ಮಠದ ದೀಕ್ಷಾನೋ ಏನೋ!" ಎಂಬ ನಗು.

ನಾಲ್ಕನೆಯದೇ ಮಹಾದೇವಕ್ಕನ ಮನೆ. ಹಿತ್ತಲಲ್ಲಿ ನಾಲ್ಕು ಎಮ್ಮೆ. ಹಾಲೆಲ್ಲ ನಸುಕಿನಲ್ಲೇ ದಾಂಡೇಲಿಯ ಕಾಗದ ಕಾರ್ಖಾನೆಯ ಕಡೆಗೆ ಹೋಗುತ್ತಿತ್ತು. ಮಗ ಅಂದಾನೆಪ್ಪ ಬಿದಿರು ಸಾಗಿಸುವ ಲಾರಿಯ ಡ್ರೈವರ್.

ಆ ಮನೆಗೊಂದು ಗಾಯವಿತ್ತು. ಶಂಕ್ರೆವ್ವನಿಗೆ ಅದು ಗೊತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಹಿರಿಯ ಮಗಳು ಯಲ್ಲವ್ವ ದಾಂಡೇಲಿಯ ಮೆಕ್ಯಾನಿಕ್ ಫಕ್ರುದ್ದೀನನನ್ನು ಮದುವೆಯಾಗಿ ಹೋಗಿದ್ದಳು. ಅವತ್ತಿನಿಂದ ಬಳಗದ ಒಬ್ಬರೂ ಈ ಮನೆಯಲ್ಲಿ ಹನಿ ನೀರು, ಹನಿ ಹಾಲು ಮುಟ್ಟಿರಲಿಲ್ಲ. ತಮ್ಮದೇ ಪೈಕಿಯ ಹುಡುಗಿಯೊಬ್ಬಳು ಇರಲು ಬರುತ್ತಾಳೆಂದು ಕೇಳಿ ಮಹಾದೇವಕ್ಕ ಹಿತ್ತಾಳೆಯ ಲೋಟವನ್ನು ಹುಣಸೆಹಣ್ಣು ಹಚ್ಚಿ ಮೂರು ಸಲ ತಿಕ್ಕಿದ್ದಳು. ಬೆಲ್ಲ ಹಾಕಿ ಹಾಲು ಕಾಸಿದ್ದಳು. ಹೊಸ್ತಿಲು ದಾಟಿದ ಹೆಣ್ಣುಮಗಳಿಗೆ ಮೊದಲು ಹಾಲು, ಅದು ಆ ಮನೆಯ ರೀತಿ.

"ಒಲ್ಲೆನ್ರಿ ಅವ್ವಾರ" ಎಂದಳು ಶಂಕ್ರೆವ್ವ.

ಮಹಾದೇವಕ್ಕನ ಮುಖ ಬಾಡಿತು. "ಇವತ್ತೊಂದಿನಾ, ಯಾವತ್ತೂನಾ?"

"ಯಾವತ್ತೂ ಒಲ್ಲೆನ್ರಿ."

"ಯಾಕವ್ವಾ... ಯಾರರೆ ಏನರೆ ಹೇಳ್ಯಾರೇನು?"

ಅದೇ ಪ್ರಶ್ನೆ! ನಾಲ್ಕನೆಯ ಸಲ! ದಣಿದ ಶಂಕ್ರೆವ್ವನಿಗೆ ಆ ಮುದುಕಿಯ ದನಿಯ ನಡುಕ ಕೇಳಿಸಲೇ ಇಲ್ಲ.

"ಕಾರಣ ಹೇಳಾಕ ಬರೂದಿಲ್ಲಂದ್ರ ಬರೂದಿಲ್ರಿ! ಒತ್ತಾಯ ಮಾಡಬ್ಯಾಡ್ರಿ!"

ಹಿತ್ತಾಳೆಯ ಲೋಟ ಅಲುಗಿ, ಹಾಲು ಮಹಾದೇವಕ್ಕನ ಸೀರೆಯ ಮೇಲೆ ಚೆಲ್ಲಿತು. ಒಳಗಿನಿಂದ ಅಂದಾನೆಪ್ಪ ಹೊರಬಂದದ್ದು ಆಗಲೇ.

ಕಾರಣ ಹೇಳಲು ಬರುವಂತಿರಲಿಲ್ಲ, ಅದು ನಿಜ. ಅದನ್ನು ಹೇಳಿದ ದಿನ ಯಾವ ತಾಯಿಯೂ ತನ್ನ ಕೂಸಿನ ತೋಳು ಚಾಚಲಿಕ್ಕಿಲ್ಲ ಎಂಬ ಹೆದರಿಕೆ ಶಂಕ್ರೆವ್ವನ ಎದೆಯಲ್ಲಿ ಕಲ್ಲಾಗಿ ಕೂತಿತ್ತು.

* * *

ದಾಂಡೇಲಿಯ ಗಾಳಿಗೆ ಬೇಯಿಸಿದ ಬಿದಿರಿನ ವಾಸನೆ. ಕಾರ್ಖಾನೆಯ ಭೋಂಗಾ ಕೂಗಿದಾಗೊಮ್ಮೆ ಓಣಿಗಳು ತುಂಬುತ್ತಿದ್ದವು, ಮತ್ತೆ ಬರಿದಾಗುತ್ತಿದ್ದವು. ಶಂಕ್ರೆವ್ವ ಎರಡು ದಿನ ಶಾಲೆಯ ಪಡಸಾಲೆಯಲ್ಲಿ ಮಲಗಿದಳು. ಹಗಲೆಲ್ಲ ಮನೆಮನೆ ತಿರುಗಿ ಕೂಸುಗಳ ತೋಳಿಗೆ ಔಷಧ ಹಾಕಿದಳು. ಹಸಿವಾದಾಗ ಸೆರಗಿನ ಗಂಟಿನ ಶೇಂಗಾ ಮುಕ್ಕಿದಳು.

ಡ್ರೈವರನ ಮುಖ ನೆನಪಾದಾಗಲೆಲ್ಲ ಶೇಂಗಾ ಸಿಪ್ಪೆ ಜೋರಾಗಿ ಒಡೆಯುತ್ತಿತ್ತು. ದೊಡ್ಡ ಮಂದಿ ಮನಿಗೆ ಹೋಗ್ರಿ ಅಂತ! ನಾನು ಯಾವ ದೊಡ್ಡಸ್ತಿಕೆ ತೋರಿಸಿದೆ?

ಮೂರನೆಯ ದಿನ ಗ್ಯಾರೇಜಿನ ಹಿಂದಿನ ಮನೆಯ ಬಾಗಿಲು ತೆರೆದವಳು ತನ್ನ ಕಡೆಯ ಮಾತನ್ನೇ ಆಡಿದಳು.

"ಕೂಸಿನ್ನೂ ಹೊಟ್ಯಾಗ ಐತ್ರಿ ಬಾಯಾರ. ಹುಟ್ಟಿದ ಮ್ಯಾಲ ಹಾಕೀರಂತ. ಮುಖ ಯಾಕ ಹಂಗ ಬಿಳಚೈತಿ? ಉಂಡೀರಿಲ್ಲೊ?"

"ನಾ ಹಾಲು, ಮೊಸರು ತಿನ್ನೂದಿಲ್ರಿ" ಎಂದಳು ಶಂಕ್ರೆವ್ವ ಮೊದಲೇ, ಜಗಳಕ್ಕೆ ನಿಂತವಳ ಹಾಗೆ. "ಯಾಕಂತ ಕೇಳಬ್ಯಾಡ್ರಿ!"

ಆ ಹೆಂಗಸು ನಕ್ಕಳು. "ನಮ್ಮ ಮನ್ಯಾಗ ಹಾಲರೆ ಎಲ್ಲೈತ್ರಿ? ತವರುಮನಿ ನಾಕು ಎಮ್ಮಿ ಹಾಲು ದಿನಾ ಈ ಓಣಿ ದಾಟೇ ಹೊಕ್ಕೈತಿ. ಈ ಬಾಗಲಕ್ಕ ಮಾತ್ರ ಒಂದು ತೊಟ್ಟೂ ಇಳಿಯೂದಿಲ್ಲ..."

ನಗುತ್ತಲೇ ಹೇಳಿದಳು. ಕಣ್ಣು ಮಾತ್ರ ನಗಲಿಲ್ಲ.

"ಯಾವೂರು ನಿಮ್ಮ ತವರು?"

"ಹಳಿಯಾಳ. ಮಹಾದೇವಕ್ಕನ ಮಗಳು ನಾ, ಯಲ್ಲವ್ವ."

ಶಂಕ್ರೆವ್ವ ಗೋಡೆಗೆ ಒರಗಿ ಕೂತಳು. ಯಲ್ಲವ್ವ ರೊಟ್ಟಿ ಬಡಿಯುತ್ತ ತನ್ನ ಕತೆ ಹೇಳಿದಳು. ಮದುವೆ, ಬಳಗದವರ ಬಹಿಷ್ಕಾರ, ಅವ್ವನ ಮನೆಯಲ್ಲಿ ಯಾರೂ ನೀರು ಮುಟ್ಟದ್ದು, ತಮ್ಮ ಅಂದಾನೆಪ್ಪ ತನ್ನೊಡನೆ ಮಾತು ಬಿಟ್ಟದ್ದು... ಒಂದೊಂದು ಮಾತಿಗೂ ಆ ಚೆಲ್ಲಿದ ಹಾಲು ಶಂಕ್ರೆವ್ವನ ಕಣ್ಣ ಮುಂದೆ ಬಂತು. ತಾನೂ ಬಳಗದವರ ಹಾಗೆ ಆ ಮನೆಯ ಹಾಲು ಮೈಲಿಗೆಯೆಂದೆನೆಂದು ಆ ಮುದುಕಿ ತಿಳಿದಳೇ? ಅಯ್ಯೋ... ನಾನೆಂಥ ಬಾಯಿಬಡಕಿ!

ಮರುಕ್ಷಣವೇ ಹಳೆಯ ಸಿಟ್ಟು ಹೊಸ ಉರಿಯಾಗಿ ಎದ್ದಿತು. ತಮ್ಮ ಮನೆಯ ಹಾಲು ಯಾರೂ ಮುಟ್ಟುವುದಿಲ್ಲವೆಂದು ಆ ಮನುಷ್ಯನಿಗೆ ಅಷ್ಟು ನೋವು. ಅಂಥವನು ಬಸುರಿ ಅಕ್ಕನ ಬಾಗಿಲಿಗೆ ಒಂದು ತೊಟ್ಟು ಹಾಲು ಇಳಿಸುವುದಿಲ್ಲ!

ಫಕ್ರುದ್ದೀನ ಗ್ರೀಸು ಮೆತ್ತಿದ ಕೈ ಒರೆಸುತ್ತ ಬಂದ. ವಿಷಯ ಕೇಳಿ ನಕ್ಕ.

"ಇಲ್ಲೇ ಇರ್ರಿ ಬಾಯಾರ. ಬಕರೀದ್ ಬಿಟ್ರ ನಮಗೂ ಮಾಂಸ ಎಲ್ಲಿ ಸಿಗತೈತ್ರಿ? ಈಕಿ ದಿನಾ ಕಡಲಿಹಿಟ್ಟಿನ ಝುಣಕಾ ತಿನ್ನಿಸಿ ತಿನ್ನಿಸಿ ನನ್ನೂ ನಿಮ್ಮ ಮಠಕ್ಕ ಸೇರಿಸ್ಯಾಳ! ಹೊಸಾ ಗಡಿಗಿ ತರ್ತೇನಿ, ನಿಮ್ಮದು ಬ್ಯಾರೆ ಅಡಿಗಿ ಮಾಡ್ಕೋರಿ."

"ಬ್ಯಾರೆ ಗಡಿಗಿ ಯಾಕ್ರಿ? ಹಾಲು ಬ್ಯಾಡಂದೆ. ನಿಮ್ಮನ್ನ ಬ್ಯಾಡಂದಿಲ್ಲ."

ಯಲ್ಲವ್ವ ರೊಟ್ಟಿ ಬಡಿಯುವ ಕೈ ನಿಲ್ಲಿಸಿ ಅವಳನ್ನು ನೋಡಿದಳು. ಆಮೇಲೆ ತನ್ನ ತಾಟಿನಿಂದಲೇ ಅರ್ಧ ರೊಟ್ಟಿ ಮುರಿದು ಕೊಟ್ಟಳು.

* * *

ಹನ್ನೆರಡು ದಿನ ಕಳೆದವು. ಒಂದು ಮಧ್ಯಾಹ್ನ ಗ್ಯಾರೇಜಿನ ಮುಂದೆ ಬಿದಿರಿನ ಲಾರಿಯೊಂದು ಓರೆಯಾಗಿ ಬಂದು ನಿಂತಿತು. ಚಕ್ರದ ಮೇಲಿನ ಸ್ಪ್ರಿಂಗಿನ ಪಾಟಾ ಮುರಿದಿತ್ತು. ಲೋಡು ಲಾರಿಯ ಪಾಟಾ ಕೂಡಿಸುವವನು ಆ ಕಡೆ ಫಕ್ರುದ್ದೀನ ಒಬ್ಬನೇ. ಅಂದಾನೆಪ್ಪ ಬೇರೆ ದಾರಿಯಿಲ್ಲದೆ ಬಂದಿದ್ದ. ರಸ್ತೆಯಲ್ಲೇ ಬೆನ್ನು ತಿರುಗಿಸಿ ನಿಂತಿದ್ದ. ಯಾರ ಕಡೆಗೂ ನೋಡಬಾರದೆಂದು ಹಟ.

ಆದರೂ ನೋಡಿದ.

ತೆರೆದ ಬಾಗಿಲೊಳಗೆ ಅಕ್ಕ ಕೂತಿದ್ದಳು. ಅವಳೆದುರು ಅದೇ ತಾಟಿನಲ್ಲಿ ಕೈಯಿಟ್ಟು, ಬೆರಳಿಗೆ ಹತ್ತಿದ ಚಟ್ನಿ ನೆಕ್ಕುತ್ತ... ಆ ಟ್ರಂಕಿನ ಹುಡುಗಿ!

ಅಂದಾನೆಪ್ಪನ ಕಾಲು ಅಲ್ಲೇ ಹೂತಂತಾಯಿತು. ನಮ್ಮ ಮನೆಯ ಹಾಲು ಮೈಲಿಗೆಯೆಂದವಳು ನನ್ನ ಅಕ್ಕನ ತಾಟಿನಲ್ಲಿ ಉಣ್ಣುತ್ತಿದ್ದಾಳೆ? ಹಾಗಾದರೆ ಅವತ್ತು...?

ಶಂಕ್ರೆವ್ವ ಅವನನ್ನು ಕಂಡಳು. ಕೈ ತೊಳೆಯಲೂ ಇಲ್ಲ, ಹೊರಗೆ ಬಂದಳು.

"ಬರ್ರಿ ಬರ್ರಿ, ಟ್ರಂಕು ಒಗಿಯೂ ಸಾವಕಾರ! ಈ ಮನ್ಯಾಗಿಂದೂ ಒಗೀತೀರೇನು?"

"ನೀವು... ಇಲ್ಲಿ ಊಟಾ..."

"ಹೌದು! ಹಾಲು ನಾ ಯಾರ ಮನ್ಯಾಗೂ ಕುಡ್ಯೂದಿಲ್ಲ. ನನ್ನ ಹಡದವ್ವನ ಮನ್ಯಾಗೂ ಕುಡ್ಯೂದಿಲ್ಲ. ನನಗ ಜಾತಿ ಮಡಿ ಇಲ್ಲ. ಇರೂದು ನಿಮಗ!"

"ನನಗ?"

"ಮತ್ತ? ಬಳಗದವ್ರು ನಿಮ್ಮ ಮನ್ಯಾಗ ನೀರು ಮುಟ್ಟೂದಿಲ್ಲಂತ ಮೈಯೆಲ್ಲಾ ಉರಕೋತೀರಿ. ನೀವು ಈ ಹೊಸ್ತಿಲದಾಗ ನೀರು ಮುಟ್ಟೀರೇನು? ನಿಮ್ಮ ಹಾಲಿನ ಕ್ಯಾನು ದಿನಾ ಈಕಿ ಬಾಗಲಾ ದಾಟಿ ಹೊಕ್ಕಾವ. ಈಕಿ ಹೊಟ್ಯಾಗಿನ ಕೂಸು ನಿಮಗ ಏನಾಗಬೇಕು? ವೈರಿನಾ?"

ಲಾರಿಯ ಕೆಳಗೆ ನಟ್ಟು ತಿರುವುತ್ತಿದ್ದ ಫಕ್ರುದ್ದೀನನ ಪಾನಾ ನಿಂತಿತು. ಯಲ್ಲವ್ವ ಬಾಗಿಲಿನ ಕಟ್ಟು ಹಿಡಿದು ನಿಂತಿದ್ದಳು.

ಅಂದಾನೆಪ್ಪ ಒಂದು ಹೆಜ್ಜೆ ಮುಂದೆ ಬಂದ. "ಅವತ್ತ ಒಂದು ಮಾತು ಹೇಳಬೇಕಿತ್ತು ನೀವು!"

"ನೀವು ಕೇಳಿದ್ರೇನು? ಟ್ರಂಕಿಗೆ ಕೇಳಿದ್ರಿ!"

ಆ ಮಾತಿಗೆ ಫಕ್ರುದ್ದೀನ ಲಾರಿಯ ಕೆಳಗಿನಿಂದಲೇ ಫಕ್ಕನೆ ನಕ್ಕುಬಿಟ್ಟ. ಅಂದಾನೆಪ್ಪ ಅವನನ್ನು ದುರುಗುಟ್ಟಿ ನೋಡಿದ. ಆದರೆ ಆ ನೋಟ ಬಹಳ ಹೊತ್ತು ನಿಲ್ಲಲಿಲ್ಲ. ಬಾಗಿಲಲ್ಲಿ ನಿಂತ ಅಕ್ಕನ ತುಂಬಿದ ಹೊಟ್ಟೆಯ ಮೇಲೆ ಬಿದ್ದು, ಕೆಳಗಿಳಿಯಿತು.

"ಯಕ್ಕಾ..." ಎರಡು ವರ್ಷದ ಮೇಲೆ ಮೊದಲ ಮಾತು. "ನೀರು ಕೊಡ್ತೀಯೇನು?"

ಯಲ್ಲವ್ವ ತಂಬಿಗೆ ತಂದಳು. ನೀರಿಗಿಂತ ಕಣ್ಣೀರೇ ಹೆಚ್ಚು ಚೆಲ್ಲಿತು.

ಮರುದಿನ ನಸುಕಿನಲ್ಲಿ ಆ ಬಾಗಿಲಲ್ಲಿ ಒಂದು ಹಾಲಿನ ಕ್ಯಾನು ಇಳಿಯಿತು. ಅದರ ಮೇಲೊಂದು ಗಂಟು. ಗಂಟಿನಲ್ಲಿ ಹುರಿದ ಶೇಂಗಾ, ಬೆಲ್ಲ.

"ಗಂಟು ಯಾರಿಗೆ?" ಎಂದಳು ಶಂಕ್ರೆವ್ವ ಬಿಗಿಯಾಗಿ.

"ಹಾಲೊಲ್ಲದವರಿಗೆ" ಎಂದ ಅಂದಾನೆಪ್ಪ, ಅತ್ತ ತಿರುಗಿಯೇ.

"ಒಂದು ಗಂಟಿಗೆ ನಾ ಮರಿಯೂದಿಲ್ಲ!"

"ಮರಿಯಂತ ಯಾರಂದಾರ? ಸೂಪಾ ಕಡೆ ಮನಿ ಸಿಕ್ಕಿತೇನು?"

ಸಿಕ್ಕಿರಲಿಲ್ಲ.

"ನನ್ನ ಬಿದಿರಿನ ದಾರ್‍ಯಾಗ ಎಂಟು ಮನಿ ಒಂದು ವಾಡೆ ಐತಿ, ಕಾಡಿನ ನಡುವ ಸಣ್ಣ ಕೇರಿ. ಕೊಂಕಣಿ ಮಂದಿ. ಗಡ್ಡಿ ಗೆಣಸು, ರಾಗಿ ಅಂಬಲಿ ಅವರ ಊಟ. ಎಮ್ಮಿ ಕಟ್ಟತಾರ, ಹಾಲು ಹಿಂಡೂದಿಲ್ಲ. ಚಹಾ ಕೇಳಿದ್ರ ಕರೇ ಚಹಾ ಕೊಡ್ತಾರ. ಇಷ್ಟು ದಿನಾ ನಾ ಅವರನ್ನ ನೋಡಿ ನಗತಿದ್ದೆ..." ಕ್ಯಾನಿನ ಮುಚ್ಚಳ ಬಿಗಿದ. "ಅಲ್ಲಿ ನಿಮ್ಮನ್ನ ಯಾರೂ ಯಾಕಂತ ಕೇಳೂದಿಲ್ಲ."

ಶಂಕ್ರೆವ್ವ ಶೇಂಗಾದ ಗಂಟನ್ನು ಎತ್ತಿಕೊಂಡಳು. ಸಿಟ್ಟು ಮಾತ್ರ ಮುಖ ಬಿಟ್ಟು ಇಳಿಯಲಿಲ್ಲ.

* * *

ಲಾರಿಯ ಮುಂದಿನ ಸೀಟಿನಲ್ಲಿ ಇಬ್ಬರ ನಡುವೆ ಟ್ರಂಕು. ಗಡಿಗೆ ಅವಳ ಮಡಿಲಲ್ಲಿ.

"ಸಾವಕಾಶ ಹೊಡೀರಿ! ಗಡಿಗಿ ಅಲಗತೈತಿ!"

"ಇದು ಲಾರಿ, ತೊಟ್ಟಿಲಲ್ಲ!"

"ಬಿದಿರಿಗರೆ ಹಗ್ಗಾ ಬಿಗದೀರಿ. ಮನಷ್ಯಾರಿಗೆ ಏನೂ ಇಲ್ಲ!"

"ಮನಷ್ಯಾರ ಬಾಯಿಗೂ ಬಿಗೀಬೇಕಿತ್ತು!"

ಸೂಪಾ ದಾಟುವವರೆಗೂ ಹೀಗೇ. ಆದರೆ ಮುಂದಿನ ಪ್ರತಿ ತೆಗ್ಗಿಗೂ ಲಾರಿ ಮಾತ್ರ ಕೂಸಿನ ಹಾಗೆ ನಡೆಯಿತು. ಶಂಕ್ರೆವ್ವ ಅದನ್ನು ಗಮನಿಸಿದಳು. ಗಮನಿಸಲಿಲ್ಲವೆಂಬಂತೆ ಕಿಟಕಿಯಾಚೆ ನೋಡಿದಳು.

ವಾಡೆಯ ಹಿರಿಯಳು ಗೋದುಬಾಯಿ. ಬೆಂಕಿಯ ಮುಂದೆ ಕೂಡ್ರಿಸಿ, ಸುಟ್ಟ ಗೆಣಸು ಕೊಟ್ಟಳು. ಅಂಗಳದಲ್ಲಿ ಎಮ್ಮೆಕರುವೊಂದು ತಾಯಿಯ ಕೆಚ್ಚಲಿಗೆ ಗುದ್ದಿ ಗುದ್ದಿ ಕುಡಿಯುತ್ತಿತ್ತು. ಯಾರೂ ಎಳೆದು ಕಟ್ಟಲಿಲ್ಲ.

"ವಾಸ್ರಾಚೆಂ ದೂಧ್ ವಾಸ್ರಾಕ್" ಎಂದಳು ಮುದುಕಿ, ಅವಳ ನೋಟ ಕಂಡು.

"ಕರದ ಹಾಲು ಕರಕ್ಕ, ಅಂತಾಳ" ಎಂದ ಅಂದಾನೆಪ್ಪ.

ಶಂಕ್ರೆವ್ವ ಟ್ರಂಕನ್ನು ಒಲೆಯ ಪಕ್ಕಕ್ಕೆ ಸರಿಸಿ ಇಟ್ಟಳು. ಕೊನೆಗೂ... ಕೊನೆಗೂ ಒಂದು ಮನೆ!

ಎಂಟು ಮನೆಯ ಕೂಸುಗಳು ಅಂಗಳದಲ್ಲಿ ಸೇರಿದವು. ಶಂಕ್ರೆವ್ವ ಗಡಿಗೆಯ ಬಟ್ಟೆ ಬಿಚ್ಚಿ ಸಣ್ಣ ಗಾಜಿನ ನಳಿಗೆ ತೆಗೆದಳು. ಗೋದುಬಾಯಿ ತನ್ನ ಮೊಮ್ಮಗಳನ್ನು ತೊಡೆಯ ಮೇಲೆ ಕೂಡ್ರಿಸಿಕೊಂಡು ಕೊಂಕಣಿಯಲ್ಲಿ ಏನೋ ಕೇಳಿದಳು.

"ಇದು ಯಾತರ ಔಷಧ ಅಂತ ಕೇಳತಾಳ" ಎಂದ ಅಂದಾನೆಪ್ಪ. "ಬೇರು ನಾರೇನು?"

ಶಂಕ್ರೆವ್ವನ ಕೈ ನಿಂತಿತು.

ಇಷ್ಟು ವರ್ಷ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಬೇರೆಲ್ಲಿಯಾದರೂ 'ಸರಕಾರದ ಔಷಧ' ಎಂದರೆ ಸಾಕಿತ್ತು. ಇಲ್ಲಿ? ಕರುವಿನ ಹಾಲನ್ನೂ ಮುಟ್ಟದ ಈ ಅಂಗಳದಲ್ಲಿ ಕೂತು, ಇವರ ಗೆಣಸು ತಿಂದು ಸುಳ್ಳು ಹೇಳಲೇ?

"ಎಮ್ಮಿಕರದ್ದು" ಎಂದಳು ಮೆಲ್ಲಗೆ.

"ಏನು?"

"ಎಮ್ಮಿಕರದ ಹೊಟ್ಟಿ ಮ್ಯಾಗಿನ ಚರ್ಮ ಗೀರಿ, ಅದಕ್ಕ ರೋಗ ಹಚ್ಚಿ, ಆ ಕೀವಿನಿಂದ ಮಾಡ್ತಾರ."

ಅಂದಾನೆಪ್ಪ ಎದ್ದೇ ನಿಂತ. ಮುಖ ಕಪ್ಪಿಟ್ಟಿತು.

"ಏನ ಹೆಂಗಸು ನೀವು! ನಮ್ಮವ್ವ ಎಮ್ಮಿಗೆ ಮೈತೊಳದು, ಕೂಸಿನಂಗ ನೋಡಿ ಹಿಂಡಿದ ಹಾಲು ನಿಮಗ ಪಾಪ! ಕರದ ಹೊಟ್ಟಿ ಕೆರದ ಕೀವು ಪುಣ್ಯಾನಾ? ಮುದುಕಿ ಎದಿ ಒಡದು ಬಂದ್ರಲ್ಲಾ... ಇದಕ್ಕನಾ?"

"ಇದಕ್ಕ!" ಶಂಕ್ರೆವ್ವನೂ ಎದ್ದಳು. ಅವಳ ದನಿ ಕಾಡಿಗೆಲ್ಲ ಕೇಳುವಂತಿತ್ತು. "ಇದಕ್ಕ ಹಾಲು ಬಿಟ್ಟದ್ದು! ನನ್ನ ತಂಗಿಗೆ ದೇವಿ ಬಂದು ಎರಡೂ ಕಣ್ಣು ಹೋದ್ವು. ಆರು ವರ್ಷದ ಕೂಸು! ಅದಕ್ಕ ಈ ಕೆಲಸಾ ಹಿಡದೆ. ಕಲ್ಯೂ ಹೊತ್ತಿನಾಗ ಒಂದು ಕೊಟ್ಟಿಗಿ ತೋರಿಸಿದ್ರು. ಹನ್ನೊಂದು ಕರ ಸಾಲಾಗಿ ಕಟ್ಟಿದ್ರು. ಹೊಟ್ಟಿತುಂಬ ಹುಣ್ಣು. ಒಂದು ಕರ ನನ್ನ ಬೆರಳು ಚೀಪತು... ಹಾಲಂತ ತಿಳಕೊಂಡು! ಆಮ್ಯಾಲ ಅವು ಎಲ್ಲಿಗೆ ಹೋದ್ವೋ, ಕೇಳೂ ಧೈರ್ಯ ಆಗ್ಲಿಲ್ಲ ನನಗ."

ಅವಳು ಗಾಜಿನ ನಳಿಗೆಯನ್ನು ಅವನ ಮುಂದೆ ಹಿಡಿದಳು.

"ಹುಡುಗರ ಕಣ್ಣಿಗಾಗಿ ಅವುಗಳಿಂದ ಇದೊಂದು ತಗೋತೇನಿ. ನನ್ನ ನಾಲಿಗಿ ರುಚಿಗೆ ಮತ್ತೊಂದು ತೊಟ್ಟು ತಗೊಳ್ಳೂದಿಲ್ಲಂತ ಅವತ್ತ ಆಣಿ ಮಾಡಿದೆ. ಇದನ್ನ ಊರಮುಂದ ಹೇಳಿದ್ರ ಯಾರು ತೋಳು ಕೊಡ್ತಾರ? ಅದಕ್ಕ ನಾಕು ಮನ್ಯಾಗ ಬೈಸಿಕೊಂಡು ಬಾಯಿ ಮುಚ್ಚಿಕೊಂಡಿದ್ದೆ. ನಿಮಗ ಬೈಯಾಕ ಸುಲಭ ಐತಿ, ಬೈರಿ!"

ಮಂಜಿನಲ್ಲಿ ಕರು ಕುಡಿಯುವ ಚಪ್ಪರಿಕೆ ಮಾತ್ರ ಕೇಳುತ್ತಿತ್ತು.

ಗೋದುಬಾಯಿ ಇಬ್ಬರ ಮುಖ ನೋಡಿ ಮತ್ತೆ ಕೇಳಿದಳು.

"ಬೇರು ಅಂತ ಹೇಳಲೇನು?" ಅವನ ದನಿ ಒಡೆದಿತ್ತು. "ಆಕಿಗೆ ಕನ್ನಡ ಬರೂದಿಲ್ಲ. ನಾ ಬೇರು ಅಂದ್ರ ಬೇರು. ನಿಮಗ ಮನಿ ಉಳೀತೈತಿ."

ಮನೆ ಉಳಿಯುತ್ತದೆ... ಶಂಕ್ರೆವ್ವ ಒಲೆಯ ಬೆಂಕಿ ನೋಡಿದಳು. ಗೆಣಸಿನ ಸಿಪ್ಪೆ ನೋಡಿದಳು. ಮೊಮ್ಮಗಳ ಎರಡು ಕರಿ ಕಣ್ಣು ನೋಡಿದಳು.

"ಇದ್ದದ್ದು ಇದ್ದಂಗ ಹೇಳ್ರಿ."

ಅವನು ಹೇಳಿದ. ಕೊಟ್ಟಿಗೆ, ಹನ್ನೊಂದು ಕರು, ತಂಗಿಯ ಕಣ್ಣು, ಆಣೆ. ಬೆರಳು ಚೀಪಿದ ಕರುವಿನ ಮಾತು ಬಂದಾಗ ಅವನ ಕೊಂಕಣಿ ತಡವರಿಸಿತು.

ಗೋದುಬಾಯಿ ಕೈ ಚಾಚಿ ಶಂಕ್ರೆವ್ವನ ಬೆರಳನ್ನು ಹಿಡಿದು, ಯಾವ ಬೆರಳು ಎಂಬಂತೆ ಒಂದೊಂದಾಗಿ ಮುಟ್ಟಿದಳು. ಶಂಕ್ರೆವ್ವ ತೋರುಬೆರಳು ಎತ್ತಿದಳು. ಮುದುಕಿ ಅದನ್ನು ತನ್ನ ಹಣೆಗೆ ಒತ್ತಿಕೊಂಡಳು. ಮೊಮ್ಮಗಳ ತೋಳು ಹಿಡಿದು ಮುಂದೆ ಚಾಚಿದಳು. ಮತ್ತೆ ಏನೋ ಅಂದಳು.

ಅಂದಾನೆಪ್ಪ ತೋಳಿನಿಂದ ಮುಖ ಒರೆಸಿಕೊಂಡ.

"ಏನಂತಾಳ್ರಿ?"

"ಕಣ್ಣು ಮುಚ್ಚಿ ತಗೊಳ್ಳೂ ಮಂದೀನ ಭಾಳ. ಈಕಿ ಕಣ್ಣು ತೆರದು ತಗೊಂಡಾಳ. ಚಳಿ ಇರೂತನಕ ಈ ಒಲಿ ಈಕೀದು, ಅಂತಾಳ."

* * *

ಆ ಚಳಿಗಾಲ ಶಂಕ್ರೆವ್ವ ಅಲ್ಲೇ ಉಳಿದಳು. ಹಗಲೆಲ್ಲ ಕಾಲುದಾರಿ ಹಿಡಿದು ವಾಡೆವಾಡೆ ತಿರುಗುವಳು. ಗೋದುಬಾಯಿ ಒಬ್ಬಳು ಜೊತೆಗೆ ಬಂದರೆ ಸಾಕು, ತೋಳುಗಳು ತಾವೇ ಚಾಚುತ್ತಿದ್ದವು.

ವಾರಕ್ಕೊಮ್ಮೆ ಬಿದಿರಿನ ಲಾರಿಯ ಹಾರ್ನು. ಜೋಳದ ಹಿಟ್ಟು, ಅಗಸಿ ಚಟ್ನಿ, ಯಲ್ಲವ್ವನ ಸುದ್ದಿ. ಪ್ರತಿ ಸಲವೂ ಜಗಳ. ಹಿಟ್ಟು ಯಾಕೆ ದಪ್ಪ ಬೀಸಿದೆ ಎಂದು, ಅವಳೇಕೆ ಚಪ್ಪಲಿಯಿಲ್ಲದೆ ನಡೆದಳು ಎಂದು. ಒಂದು ವಾರ ಲಾರಿ ಬರಲಿಲ್ಲ. ಶಂಕ್ರೆವ್ವ ನಾಲ್ಕು ಸಲ ದಾರಿ ನೋಡಿದಳು. ಐದನೇ ಸಲ ತನ್ನ ಮೇಲೆ ತಾನೇ ಸಿಟ್ಟಾದಳು.

ಇದೇನು ಹುಚ್ಚು! ಟ್ರಂಕು ಒಗೆದವನ ದಾರಿ ಕಾಯುತ್ತೇನೆಯೇ?

ಮರುವಾರ ಅವನು ಬಂದಾಗ, "ಯಾಕ ಬರ್ಲಿಲ್ಲ?" ಎಂದು ಕೇಳಿದ್ದು ಬೈಗುಳದಂತೆಯೇ ಇತ್ತು.

"ಅಕ್ಕ ಹಡದಳು. ಹೆಣ್ಣು." ಅವನು ಮೊದಲ ಸಲ ಬಾಯ್ತುಂಬ ನಕ್ಕ. "ನಮ್ಮವ್ವ ಹೋಗಿ ಬಾಣಂತನ ಮಾಡಾಕತ್ತಾಳ. ಫಕ್ರುದ್ದೀನಗ ಬಾಣಂತಿ ಅಡಿಗ್ಯಾಗ ಖಾರ ಕಡಿಮಿ ಹಾಕೋ ಅಂತ ದಿನಾ ಬೈತಾಳ."

ಶಿವರಾತ್ರಿ ಬಂತು. ಬಿಸಿಲಿಗೆ ಮಂಜು ಹರಿಯಿತು, ಗಡಿಗೆ ಬರಿದಾಯಿತು. ಶಂಕ್ರೆವ್ವ ಟ್ರಂಕು ಕಟ್ಟಿದಳು. ಗೋದುಬಾಯಿ ಗೆಣಸಿನ ಗಂಟನ್ನು ಅವಳ ಮಡಿಲಿಗೆ ಹಾಕಿ ಕೆನ್ನೆ ಹಿಂಡಿದಳು.

ದಾಂಡೇಲಿಯಲ್ಲಿ ಲಾರಿ ನಿಲ್ಲಲಿಲ್ಲ.

"ಎಲ್ಲಿಗೆ ನಡದೀರಿ? ನನಗ ಧಾರವಾಡದ ಬಸ್ಸು ಹಿಡೀಬೇಕು!"

"ಒಂದು ಟ್ರಂಕು ತಿರುಗಿ ಅದರ ಜಾಗಾದಾಗ ಇಡಬೇಕು. ಒಗದ ಜಾಗಾ ನೆನಪೈತಿ ನನಗ."

ಹಳಿಯಾಳದ ಅದೇ ಕಟ್ಟೆ. ಅಂದಾನೆಪ್ಪ ಟ್ರಂಕನ್ನು ಎರಡೂ ಕೈಯಿಂದ ಹೊತ್ತು, ಸಪ್ಪಳವಾಗದಂತೆ ಒಳಗೆ ಇಟ್ಟ. ಪಡಸಾಲೆಯಲ್ಲಿ ಯಲ್ಲವ್ವ ಕೂಸಿನೊಡನೆ ಕೂತಿದ್ದಳು, ತವರಿನ ಜಮಖಾನೆಯ ಮೇಲೆ. ಫಕ್ರುದ್ದೀನ ಅಳಿಯನ ಗತ್ತಿನಲ್ಲಿ ಕಂಬಕ್ಕೆ ಒರಗಿದ್ದ.

"ಬರ್ರಿ ಬಾಯಾರ, ಬರೂ ಚಳಿಗಾಲಕ್ಕ ತೋಳು ತಯಾರೈತಿ!" ಎಂದು ಮಗಳ ತೋಳು ಎತ್ತಿ ತೋರಿಸಿದ.

ಮಹಾದೇವಕ್ಕ ಒಳಗಿನಿಂದ ಬಂದಳು. ಕೈಯಲ್ಲಿ ಅದೇ ಹಿತ್ತಾಳೆಯ ಲೋಟ. ಅದರ ತುಂಬ ಬೆಳ್ಳಗೆ, ಬಿಸಿಯಾಗಿ...

ಮತ್ತೆ ಹಾಲು! ಮತ್ತೆ ಅದೇ ಒಲ್ಲೆ! ಈ ತಾಯಿಯ ಮುಖವನ್ನು ಇನ್ನೊಮ್ಮೆ ಬಾಡಿಸಬೇಕೇ?

"ಅವ್ವಾರ... ಅವತ್ತ ನಾ ಮಾತಾಡಿದ್ದು ತಪ್ಪಾತು. ಆದ್ರ..."

"ಮೊದಲ ವಾಸನಿ ನೋಡವ್ವಾ" ಎಂದಳು ಮಹಾದೇವಕ್ಕ.

ಶಂಕ್ರೆವ್ವ ಬಗ್ಗಿದಳು. ಬೆಲ್ಲ, ಏಲಕ್ಕಿ, ಒಣಗಿದ ಹೊಲದ ಘಮ... ಕುಸುಬಿ! ಕುಸುಬಿ ಕಾಳನ್ನು ನೆನೆಸಿ, ರುಬ್ಬಿ, ಬಟ್ಟೆಯಲ್ಲಿ ಹಿಂಡಿದ ಹಾಲು. ಎಳೆತನದಲ್ಲಿ ತಂಗಿಯ ಜೊತೆ ಕುಡಿದದ್ದು!

"ನಿನ್ನಿಯಿಂದ ರುಬ್ಬೇನಿ. ರಟ್ಟಿ ಬಿದ್ದು ಹೋದ್ವು" ಎಂದಳು ಮುದುಕಿ. "ಮಗ ಎಲ್ಲಾ ಹೇಳ್ಯಾನ. ಇದಕ್ಕ ಕೆಚ್ಚಲಾ ಇಲ್ಲ, ಕರಾ ಇಲ್ಲ. ಯಾರ ಬಾಯಾಗಿಂದೂ ಕಸಗೊಂಡದ್ದಲ್ಲ. ಕುಡೀತಿಯೇನವ್ವಾ?"

ಮುದುಕಿಯ ದನಿ ಅವತ್ತಿನಂತೆಯೇ ನಡುಗುತ್ತಿತ್ತು. ಈ ಸಲ ಶಂಕ್ರೆವ್ವನಿಗೆ ಅದು ಕೇಳಿಸಿತು.

ಎರಡೂ ಕೈಯಿಂದ ಲೋಟ ತೆಗೆದುಕೊಂಡಳು. ಎದುರುಮನೆಯ ಬಾಗಿಲು ಅರ್ಧ ತೆರೆದದ್ದು ಅವಳಿಗೆ ಗೊತ್ತಿತ್ತು. ಬೇಕೆಂದೇ ಕಟ್ಟೆಯ ಮೇಲೆ ಬಂದು, ಓಣಿಗೆಲ್ಲ ಕಾಣುವಂತೆ ನಿಂತು ತಳ ಕಾಣುವವರೆಗೂ ಕುಡಿದಳು. ಎರಡು ವರ್ಷದಲ್ಲಿ ಆ ಮನೆಯ ಲೋಟಕ್ಕೆ ಬಾಯಿಟ್ಟ ಬಳಗದ ಮೊದಲ ಹೆಣ್ಣುಮಗಳು!

"ಇನ್ನೊಂದು ಲೋಟಾ ಐತೇನ್ರಿ ಅತ್ತಿ?"

ಅತ್ತಿ! ಮಾತು ಬಾಯಿಂದ ಜಾರಿದ ಮೇಲೆ ಶಂಕ್ರೆವ್ವ ನಾಲಿಗೆ ಕಚ್ಚಿಕೊಂಡಳು. ಯಲ್ಲವ್ವ ನಕ್ಕಳು. ಮಹಾದೇವಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಳಗೆ ಓಡಿದಳು.

ಅಂದಾನೆಪ್ಪ ಕಟ್ಟೆಯ ತುದಿಗೆ ಬಂದು ನಿಂತ.

"ಎಮ್ಮಿ ಮಾರಬೇಕೇನು?" ಎಂದ, ನೆಲ ನೋಡುತ್ತ.

"ಯಾರು ಮಾರಂದಾರ? ಎಮ್ಮಿ ನಿಮ್ಮವ್ವನ ಜೀವ. ಕರ ಮೊದಲ ಹೊಟ್ಟಿತುಂಬ ಕುಡೀಲಿ, ಆಮ್ಯಾಲ ಹಿಂಡ್ರಿ."

"ಹೂಂ. ಮತ್ತ?"

"ಮತ್ತ ಸಾವಕಾಶ ಮಾತಾಡೂದು ಕಲೀರಿ."

"ಅದು ಇಬ್ಬರೂ ಕಲೀಬೇಕು." ಅವನು ತಲೆ ಎತ್ತಿದ. "ಬರೂ ಚಳಿಗಾಲಕ್ಕ ಮನಿ ಎಲ್ಲಿ ಹುಡುಕ್ತೀರಿ?"

ಶಂಕ್ರೆವ್ವ ಖಾಲಿ ಲೋಟವನ್ನು ಅವನ ಕೈಗಿಟ್ಟಳು. ಬೆರಳು ಬೆರಳಿಗೆ ತಾಗಿತು. ಯಾರೂ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

"ಚಳಿಗಾಲಕ್ಕ ಗೋದುಬಾಯಿ ಒಲಿ ಐತಿ. ಉಳಿದ ಒಂಬತ್ತು ತಿಂಗಳದ್ದು ಕೇಳ್ರಿ."

"ಕೇಳಾಕತ್ತೇನಿ... ಇರ್ತೀಯೇನು?"

"ಟ್ರಂಕು ಒಗಿಯೂದಿಲ್ಲಂದ್ರ."

"ಮನಿ ಕೀಲಿ ನೀನ ಇಟ್ಟುಕೋ" ಎಂದ ಅಂದಾನೆಪ್ಪ.